ಇನ್ನೂ ಎಷ್ಟು ನದಿ?

ಬೆಂಗಳೂರಿನಿಂದ ಕಾರಿನಲ್ಲಿ ಕಲಬುರಗಿ ಕಡೆ ಹೊರಟ ಯಾವ ಅಪ್ಪ-ಅಮ್ಮನನ್ನಾದರೂ ಕೇಳಿ ನೋಡಿ. ಮೊದಲನೇ "ಊರು ಬಂತಾ?" ನೆಲಮಂಗಲ ದಾಟೋದರೊಳಗೇ ಬಂದಿರುತ್ತೆ. ಎರಡನೆಯದು ದಾಬಸ್‌ಪೇಟೆ ಹತ್ತಿರ. ತುಮಕೂರು ಬರೋ ಹೊತ್ತಿಗೆ ಅದು ಪ್ರಶ್ನೆಯಾಗಿ ಉಳಿದಿರಲ್ಲ, ರಾಗ ಆಗಿರುತ್ತೆ. ಮುಂದೆ ಇನ್ನೂ ಐದುನೂರು ಚಿಲ್ಲರೆ ಕಿಲೋಮೀಟರ್ ಬಾಕಿ.

ನಮ್ಮೂರು ಆಳಂದ ತಾಲೂಕಿನಲ್ಲಿದೆ. ಹೆಂಡತಿಯ ತವರು ಜೇವರ್ಗಿ ತಾಲೂಕು. ಅಕ್ಕನನ್ನು ಕೊಟ್ಟಿರೋದು ಅಫಜಲಪುರ ತಾಲೂಕಿನ, ಭೀಮಾ ದಂಡೆಯ ಒಂದು ಊರಿಗೆ. ಸಂಬಂಧ ಕೂಡಿಸುವಾಗ ಹಿರಿಯರು "ಎಲ್ಲಾ ಅಲ್ಲಲ್ಲೇ ಅದಾವ, ಹೋಗಿ ಬರ್ಲಾಕ ಸಲೀಸ ಆಗ್ತದ" ಅಂದಿದ್ದರು. ಅಲ್ಲೇ ಇದ್ದವರಿಗೆ ಅದು ಸಲೀಸೇ. ಬೆಂಗಳೂರಿನಿಂದ ಹೋಗುವವರಿಗೆ ಮಾತ್ರ ಲೆಕ್ಕ ಬೇರೆ. 600 ಕಿ.ಮೀ. ಆಸುಪಾಸು ಓಡಿಸಿ ಜೇವರ್ಗಿ ಮುಟ್ಟಬೇಕು, ಭೀಮೆ ದಾಟಿ ಆಳಂದಕ್ಕೆ ಹೋಗಬೇಕು, ನಡುವೆ ಒಂದು ದಿನ ಅಫಜಲಪುರಕ್ಕೆ ಹೋಗದಿದ್ದರೆ ಅಕ್ಕ ಮುಂದಿನ ವರ್ಷದವರೆಗೂ ಮಾತು ತೆಗೀತಾಳೆ. ಹಿಂದಿನ ಸೀಟಿನಲ್ಲಿ ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ.

ಟ್ರೈನಿಗೆ ಹೋಗಬಾರದಾ ಅಂತ ಕೇಳ್ತೀರಿ. ಹೋಗಬಹುದು. ಉದ್ಯಾನ್ ಇದೆ, ಬಸವ ಎಕ್ಸ್‌ಪ್ರೆಸ್ ಇದೆ, 2024ರಿಂದ ವಂದೇ ಭಾರತ್ ಕೂಡ ಇದೆ. 2019ರಲ್ಲಿ ಕಲಬುರಗಿಯಲ್ಲಿ ವಿಮಾನ ನಿಲ್ದಾಣವೂ ಆಯ್ತು. ಆದ್ರೆ ಇವೆಲ್ಲ ನಿಮ್ಮನ್ನ ಕಲಬುರಗಿಗೆ ಮುಟ್ಟಿಸ್ತವೆ, ಊರಿಗಲ್ಲ. ಅಲ್ಲಿಂದ ಮೂರು ತಾಲೂಕಿಗೆ ಎರಡು ಮಕ್ಕಳು, ನಾಲ್ಕು ಬ್ಯಾಗು ಹಿಡಿದು ಬಸ್ಸು, ಟಂಟಂ ಬದಲಾಯಿಸ್ತಾ ಓಡಾಡೋದು ಒಂದು ಕಥೆ. ವಾಪಸ್ ಬರುವಾಗ ಅವ್ವ ಕಟ್ಟಿಕೊಡೋ ಜೋಳದ ಚೀಲ, ತೊಗರಿಬೇಳೆ, ಕಟಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ ಡಬ್ಬಿ ಇನ್ನೊಂದು ಕಥೆ. ಹಾಗಾಗಿ ಎಳ್ಳ ಅಮಾವಾಸ್ಯೆಗೆ ನಮ್ಮದು ಕಾರೇ.

ಈ ಪ್ರಯಾಣದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳೋಕೆ ಕಾರಣ ಮಗಳ ಒಂದು ಮಾತು. ಎರಡು ವರ್ಷದ ಹಿಂದೆ ನಮ್ಮಪ್ಪ ಫೋನಿನಲ್ಲಿ ಅವಳನ್ನ ಕೇಳ್ತಿದ್ದರು: "ಯಾವಾಗ ಬರ್ತೀಯವ್ವ ಊರಿಗಿ?" ಅವಳು ಒಂಚೂರೂ ಯೋಚನೆ ಮಾಡದೆ ಹೇಳಿದಳು: "ಮುತ್ಯಾ, ನೀವೇ ಬನ್ನಿ. ಊರು ತುಂಬಾ ದೂರ. ನಂಗೆ ವಾಂತಿ ಬರುತ್ತೆ." ಅಪ್ಪ ನಕ್ಕರು. ಆಮೇಲೆ ಸ್ವಲ್ಪ ತಡೆದು, "ಖರೆ ಅದವ್ವ, ದೂರ ಅದ" ಅಂದರು.

ಆ "ದೂರ ಅದ" ನನಗೆ ಬಹಳ ದಿನ ಕಾಡ್ತು. ಮಗಳಿಗೆ ಊರಿನ ಮೇಲೆ ಸಿಟ್ಟಿರಲಿಲ್ಲ. ಅವಳ ತಲೆಯಲ್ಲಿ ಇನ್ನೂ ಊರು ಅನ್ನೋದೇ ಸರಿಯಾಗಿ ಇರಲಿಲ್ಲ, ದಾರಿ ಮಾತ್ರ ಇತ್ತು. ನನಗೆ ಊರು ಅಂದ್ರೆ ಬೇವಿನ ಗಿಡದ ಕಟ್ಟೆ, ದನದ ಕೊಟ್ಟಿಗೆ, ಅವ್ವ ರೊಟ್ಟಿ ಬಡಿಯೋ ಸಪ್ಪಳ. ಅವಳಿಗೆ ಊರು ಅಂದ್ರೆ ಹನ್ನೆರಡು ತಾಸಿನ ಹಿಂದಿನ ಸೀಟು ಮತ್ತು ಒಂದು ಪ್ಲಾಸ್ಟಿಕ್ ಕವರು. ದೊಡ್ಡವರು ದಾರಿ ಮುಗಿದ ಮೇಲೆ ಅದನ್ನ ಮರೀತೀವಿ. ಮಕ್ಕಳು ಮರೆಯಲ್ಲ. ನಮ್ಮ ಕಡೆಯಿಂದ ಬಂದು ಇಲ್ಲಿ ಐಟಿಯಲ್ಲಿ ಇರೋ ಎಷ್ಟೋ ಗೆಳೆಯರ ಮನೆಯಲ್ಲಿ ಇದನ್ನ ನೋಡಿದೀನಿ. ಮೊದಲು ವರ್ಷಕ್ಕೆ ಮೂರು ಸಲ, ಆಮೇಲೆ ಒಂದು ಸಲ, ಆಮೇಲೆ "ಮಕ್ಕಳಿಗೆ ತ್ರಾಸ ಆಗ್ತದ, ನಾನೊಬ್ಬನೇ ಹೋಗಿ ಬರ್ತೀನಿ". ಊರು ತಪ್ಪೋದು ಜಗಳ ಆಡಿ ಅಲ್ಲ, ಹೀಗೆ ಸದ್ದಿಲ್ಲದೆ. ಹಾಗಾಗಿ ಕಾರಿನಲ್ಲಿ ಮಕ್ಕಳನ್ನ ಖುಷಿಯಾಗಿ ಇಡೋದು ಅನ್ನೋದು ನನಗೆ ಬರೀ ಡ್ರೈವರ್ ನೆಮ್ಮದಿಯ ವಿಷಯ ಅಲ್ಲ.

ನಾನು ದಿನಾ ಮಾಡೋ ಕೆಲಸದಲ್ಲಿ ಒಂದು ಹಳೇ ಪಾಠ ಇದೆ. ಆ್ಯಪ್‌ನಲ್ಲಿ ಏನೋ ಲೋಡ್ ಆಗ್ತಿರುವಾಗ ಬರೀ ಸುತ್ತೋ ಚಕ್ರ ತೋರಿಸಿದ್ರೆ ಜನ ಹತ್ತು ಸೆಕೆಂಡಿಗೇ ಕಿರಿಕಿರಿ ಆಗಿ ಮುಚ್ಚಿಬಿಡ್ತಾರೆ. ಅಲ್ಲೇ ಒಂದು ಪಟ್ಟಿ ಇಟ್ಟು ಅದು ಸ್ವಲ್ಪ ಸ್ವಲ್ಪ ತುಂಬ್ತಾ ಹೋಗೋದು ಕಾಣಿಸಿದ್ರೆ ಅದೇ ಜನ ತಾಳ್ಮೆಯಿಂದ ಕಾಯ್ತಾರೆ. ಕೆಲಸ ಒಂಚೂರೂ ಬೇಗ ಆಗಿರಲ್ಲ. ಎಷ್ಟು ಆಯ್ತು, ಎಷ್ಟು ಉಳೀತು ಅಂತ ಗೊತ್ತಾದ್ರೆ ಸಾಕು. "ಊರು ಬಂತಾ?" ಅಂತ ಮಗು ಕೇಳ್ತಿರೋದು ಆ ಪಟ್ಟಿಯನ್ನೇ. ನಮ್ಮ ಉತ್ತರ ಏನು? "ಇನ್ನೂ ನಾನೂರು ಕಿಲೋಮೀಟರ್ ಪುಟ್ಟಾ." ನಾಲ್ಕು ವರ್ಷದವನಿಗೆ ಕಿಲೋಮೀಟರ್ ಅಂದ್ರೆ ಏನು? ತಾಸು ಅಂದ್ರೆ ಏನು? ಮ್ಯಾಪಿನ ನೀಲಿ ಗೆರೆ ನಮಗೆ ಅರ್ಥ ಆಗುತ್ತೆ, ಅವನಿಗೆ ಅದು ಸುತ್ತೋ ಚಕ್ರ.

ಮಕ್ಕಳಿಗೆ ಕಾಣೋ, ಬೆರಳಲ್ಲಿ ಎಣಿಸೋಕೆ ಬರೋ ಅಳತೆ ಬೇಕು. ನಮ್ಮ ದಾರಿಯಲ್ಲಿ ಅದು ಪುಕ್ಕಟೆ ಸಿಗುತ್ತೆ. ನದಿಗಳು.

ನಾವು ಹಿರಿಯೂರಿನವರೆಗೆ ಪುಣೆ ಹೆದ್ದಾರಿಯಲ್ಲೇ ಹೋಗಿ, ಅಲ್ಲಿಂದ 150ಎ ಹೆದ್ದಾರಿ ಹಿಡೀತೀವಿ. ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಮಸ್ಕಿ, ಲಿಂಗಸುಗೂರು, ಸುರಪುರ, ಶಹಾಪುರ, ಜೇವರ್ಗಿ. ಈ ದಾರಿಯಲ್ಲಿ ಹಿರಿಯೂರಿನಲ್ಲಿ ವೇದಾವತಿ ಸಿಗುತ್ತೆ. ಸಿರುಗುಪ್ಪ ಬಿಟ್ಟು ಸಿಂಧನೂರಿಗೆ ಹೋಗುವಾಗ ತುಂಗಭದ್ರಾ. ಲಿಂಗಸುಗೂರು, ಸುರಪುರದ ನಡುವೆ ತಿಂಥಣಿಯಲ್ಲಿ ಕೃಷ್ಣಾ. ಜೇವರ್ಗಿ ದಾಟಿ ಕಲಬುರಗಿ ಕಡೆ ಹೊರಟರೆ ಕಟ್ಟಿಸಂಗಾವಿಯಲ್ಲಿ ಭೀಮಾ. ನಾಲ್ಕು ನದಿ, ನಾಲ್ಕು ಬೆರಳು. ಹೆಬ್ಬೆರಳು ಉಳೀತು ಅಂತ ಮಗ ತಕರಾರು ತೆಗೆದಿದ್ದಕ್ಕೆ ನಮ್ಮ ಆಳಂದ ಸೀಮೆಯ ಅಮರ್ಜಾ ಹೊಳೆಯನ್ನ ಐದನೆಯದಾಗಿ ಸೇರಿಸಿದ್ವಿ. ಸಣ್ಣ ಹೊಳೆ, ಆದ್ರೆ ಅದಕ್ಕೂ ಒಂದು ಮರ್ಯಾದೆ ಇದೆ. ಕೊರಳ್ಳಿ ಹತ್ತಿರ ಡ್ಯಾಮು ಕಟ್ಟಿದಾರೆ, ಮುಂದೆ ಹೋಗಿ ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತೆ.

ಈಗ ನಮ್ಮ ಕಾರಿನಲ್ಲಿ "ಊರು ಬಂತಾ?" ಇಲ್ಲ. "ಇನ್ನೂ ಎಷ್ಟು ನದಿ?" ಇದೆ. ಎರಡೂ ಒಂದೇ ಪ್ರಶ್ನೆ ಅನ್ನಿಸಬಹುದು, ಅಲ್ಲ. ಈ ಎರಡನೇದಕ್ಕೆ ಉತ್ತರ ಮಗುವಿಗೇ ಗೊತ್ತಿರುತ್ತೆ. ಬೆರಳು ಮಡಚಿ ನೋಡ್ಕೊಂಡ್ರೆ ಆಯ್ತು. ಹಿರಿಯೂರಿನಿಂದ ತುಂಗಭದ್ರೆಯವರೆಗೆ ಬಹಳ ದೂರ, ಅಲ್ಲಿ ಪಟ್ಟಿ ಮುಂದಕ್ಕೇ ಹೋಗಲ್ಲ. ಅದಕ್ಕೆ ನಡುವೆ ಸಣ್ಣ ಗುರುತುಗಳನ್ನ ಇಟ್ಕೊಂಡಿದೀವಿ. ಚಿತ್ರದುರ್ಗ ಜಿಲ್ಲೆಯ ಗಾಳಿಯಂತ್ರಗಳು. ರಾಂಪುರ ದಾಟಿದ ಮೇಲೆ ಬಳ್ಳಾರಿಗೆ ಮೊದಲು ರಸ್ತೆ ಸ್ವಲ್ಪ ದೂರ ಆಂಧ್ರದೊಳಗೆ ಹಾದು ಬರುತ್ತಲ್ಲ, ಅಲ್ಲಿ ಬೋರ್ಡಿನ ಅಕ್ಷರ ಬದಲಾಗೋದನ್ನ ಮೊದಲು ಕಂಡುಹಿಡಿಯೋದು ಮಗಳ ಕೆಲಸ. ಕೆಂಪು ಮಣ್ಣು ಎಲ್ಲಿ ಮುಗೀತು, ಕಪ್ಪು ಮಣ್ಣು ಎಲ್ಲಿ ಶುರುವಾಯ್ತು ಅಂತ ಹೇಳೋದು ಮಗನ ಕೆಲಸ. ಅವನು ಪ್ರತಿ ಸಲ ಬೇರೆ ಬೇರೆ ಕಡೆ ಹೇಳ್ತಾನೆ, ಪ್ರತಿ ಸಲವೂ ಗೆಲ್ತಾನೆ. ಮಸ್ಕಿಯಲ್ಲಿ ಇಳಿದು ಕಾಲಾಡಿಸ್ತೀವಿ. ಅಶೋಕನ ಹೆಸರೇ ಬರೆದಿರೋ ಶಾಸನ 1915ರಲ್ಲಿ ಸಿಕ್ಕ ಊರು ಅದು, ಸಿಕ್ಕಿದ್ದು ಚಿನ್ನದ ಗಣಿಯ ಒಬ್ಬ ಎಂಜಿನಿಯರ್‌ಗೆ. "ಚಿನ್ನ ಹುಡುಕೋನಿಗೆ ರಾಜ ಸಿಕ್ಕ" ಅಂತ ಮಗಳಿಗೆ ಹೇಳಿದ್ದೆ, ಈಗ ಅವಳು ತಮ್ಮನಿಗೆ ಹೇಳ್ತಾಳೆ. ಇನ್ನು ಶಹಾಪುರದ ಮಲಗಿದ ಬುದ್ಧನ ಗುಡ್ಡ ಇದೆಯಲ್ಲ, ಅದನ್ನ ಮಕ್ಕಳಿಗಾಗಿಯೇ ಅಲ್ಲಿಟ್ಟ ಹಾಗಿದೆ. ಸಾಲು ಗುಡ್ಡಗಳು ಸೇರಿ ಮನುಷ್ಯ ಅಂಗಾತ ಮಲಗಿದ ಹಾಗೆ ಕಾಣುತ್ತೆ. ಮೂಗು ಯಾವುದು, ಹೊಟ್ಟೆ ಯಾವುದು ಅನ್ನೋ ಜಗಳದಲ್ಲಿ ಅರ್ಧ ತಾಸು ಸಲೀಸಾಗಿ ಕಳೆಯುತ್ತೆ.

ಆದ್ರೆ ಆಟ ಎಷ್ಟೇ ಇದ್ರೂ ಒಂದು ಹಂತದಲ್ಲಿ ಸಾಕಾಗುತ್ತೆ. ನಿಜವಾಗಿ ನಮ್ಮ ದಾರಿಯನ್ನ ಬದಲಾಯಿಸಿದ್ದು ನಮ್ಮಪ್ಪ.

ಹೋದ ವರ್ಷ ವೇದಾವತಿ ದಾಟಿ ತಿಂಡಿಗೆ ನಿಂತಾಗ ಮಗಳು ಅಮ್ಮನ ಫೋನಿನಿಂದ ಊರಿಗೆ ಕರೆ ಮಾಡಿದಳು. "ಮುತ್ಯಾ, ಒಂದು ನದಿ ಆಯ್ತು!" ಅಪ್ಪ ಒಕ್ಕಲುತನ ಮಾಡಿದ ಮನುಷ್ಯ. ಅವರು ಕೇಳಿದ ಮೊದಲ ಪ್ರಶ್ನೆ: "ಹೌದನವ್ವ? ನೀರ ಎಷ್ಟ ಅದ?" ಮಗಳು ಪಿಳಿಪಿಳಿ ಕಣ್ಣು ಬಿಟ್ಟಳು. ಸೇತುವೆ ನೋಡಿದ್ದಳು, ನೀರು ಎಷ್ಟಿದೆ ಅಂತ ನೋಡಿರಲಿಲ್ಲ. ತುಂಗಭದ್ರಾ ಬರೋವಾಗ ಕಿಟಕಿಗೆ ಮೂಗು ಹಚ್ಚಿ ಕೂತಿದ್ದಳು. ದಾಟಿದ ತಕ್ಷಣ ಮತ್ತೆ ಫೋನು: "ಮುತ್ಯಾ, ನೀರು ಅರ್ಧ ಇದೆ, ಬಂಡೆಗಲ್ಲು ಕಾಣ್ತವೆ." "ಶಾಣ್ಯಾ ಇದ್ದಿ. ಈಗ ಸಿಂಧನೂರ ಬರ್ತದ, ಭತ್ತ ಕೊಯ್ದಾರೋ ಇಲ್ಲೋ ನೋಡಿ ಹೇಳು." ಮುಂದಿನ ಒಂದು ತಾಸು ಕಾರಿನಲ್ಲಿ ಒಂದೇ ಒಂದು ಅಳು ಇಲ್ಲ. ಕೊಯ್ದ ಗದ್ದೆ ಅಕ್ಕ ಎಣಿಸ್ತಾಳೆ, ಕೊಯ್ಯದ ಗದ್ದೆ ತಮ್ಮ ಎಣಿಸ್ತಾನೆ. ಶಹಾಪುರ ಕಡೆ ಬಂದಾಗ ಹತ್ತಿ ಬಿಡಿಸೋದು ಮುಗಿದದೇನು ಅಂತ ಪ್ರಶ್ನೆ, ಜೇವರ್ಗಿಯಲ್ಲಿ ತೊಗರಿ ಒಣಗ್ಯಾದೋ ಇನ್ನೂ ಹಸಿರು ಅದೋ ಅಂತ ಪ್ರಶ್ನೆ. ಅಪ್ಪನಿಗೆ ಮೊಣಕಾಲು ನೋವು. ಈಗ ಕಲಬುರಗಿ ದಾಟಿ ಎಲ್ಲಿಗೂ ಹೋಗಲ್ಲ. ಆ ದಿನ ಅವರು ಕಟ್ಟೆ ಮೇಲೆ ಕೂತು ಬಳ್ಳಾರಿಯಿಂದ ಆಳಂದದವರೆಗೆ ಬೆಳೆ ನೋಡಿದರು, ಮೊಮ್ಮಗಳ ಕಣ್ಣಲ್ಲಿ.

ಅವ್ವ ಆಮೇಲೆ ಹೇಳಿದಳು: "ಮುಂಜಾನಿಂದ ಫೋನ್ ಕೈಯಾಗಿಂದ ಕೆಳಗ ಇಟ್ಟಿಲ್ಲ ನೋಡು ನಿಮ್ಮಪ್ಪ. ಊಟಕ್ಕ ಕರದ್ರ, ಇನ್ನಾ ಕೃಷ್ಣಾ ದಾಟಿಲ್ಲ ತಡಿ ಅಂತಾನ."

ನಾವು ಸಣ್ಣವರಿದ್ದಾಗ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬಂಡಿಯಲ್ಲಿ ಹೋಗ್ತಿದ್ವಿ. ಮೂರು ನಾಲ್ಕು ಕಿಲೋಮೀಟರ್ ಇರಬೇಕು, ಬಂಡಿ ವೇಗಕ್ಕೆ ಅದೂ ಉದ್ದವೇ. ನಮ್ಮನ್ನ ಖುಷಿಯಾಗಿ ಇಡಬೇಕು ಅಂತ ಯಾರೂ ಏನೂ ಮಾಡ್ತಿರಲಿಲ್ಲ. ಆದ್ರೆ ಪ್ರತಿಯೊಬ್ಬರಿಗೂ ಒಂದು ಕೆಲಸ ಇರ್ತಿತ್ತು. ಅಂಬಲಿ ಗಡಿಗೆ ಚೆಲ್ಲದ ಹಾಗೆ ಹಿಡ್ಕೊಳ್ಳೋದು ನನ್ನದು. ಸಜ್ಜಿ ರೊಟ್ಟಿ ಬುಟ್ಟಿ ಅಕ್ಕನದು. ಹಳ್ಳದ ಇಳುಕಲಿನಲ್ಲಿ ಬಂಡಿ ಜೋಲಿ ಹೊಡೆದಾಗ ಅವ್ವ ಒಂದೇ ಕೂಗು ಹಾಕ್ತಿದ್ದಳು: "ಗಡಿಗಿ!" ಆ ಕ್ಷಣ ಇಡೀ ಮನೆತನದ ಮಾನ ನನ್ನ ಕೈಯಲ್ಲಿದೆ ಅನ್ನಿಸ್ತಿತ್ತು. ಬೇಜಾರಾಗೋಕೆ ಪುರುಸೊತ್ತೆಲ್ಲಿ? ಇಂದಿನ ಕಾರಿನಲ್ಲಿ ಮಗುವಿಗೆ ಎಲ್ಲ ಇದೆ, ಏಸಿ, ಹಾಡು, ಬಿಸ್ಕತ್ತು. ಕೆಲಸ ಮಾತ್ರ ಇಲ್ಲ. ಡಿಕ್ಕಿಯಲ್ಲಿರೋ ಸೂಟ್‌ಕೇಸಿಗೂ ಅದಕ್ಕೂ ಇರೋ ವ್ಯತ್ಯಾಸ ಅಂದ್ರೆ ಸೂಟ್‌ಕೇಸ್ ಅಳಲ್ಲ. ಒಂದು ಜವಾಬ್ದಾರಿ ಕೊಟ್ಟು ನೋಡಿ, ಅದು ಸುಳ್ಳು ಜವಾಬ್ದಾರಿ ಆಗಿರಬಾರದು ಅಷ್ಟೇ. ನಮ್ಮಲ್ಲಿ ನೀರಿನ ಬಾಟಲಿ ಯಾರಿಗೆ ಬೇಕಾದ್ರೂ ಮಗನನ್ನೇ ಕೇಳಬೇಕು, ನನಗೂ ಅದೇ ಕಾನೂನು.

ಇನ್ನು ವಾಂತಿಯ ವಿಷಯ. ಇದನ್ನ ಯಾರೂ ಕಾಲಮ್ಮಿನಲ್ಲಿ ಬರೆಯಲ್ಲ, ಆದ್ರೆ ಎಲ್ಲರ ಕಾರಿನಲ್ಲೂ ಆಗುತ್ತೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ, ಎರಡರಿಂದ ಹನ್ನೆರಡರ ನಡುವೆ ಹೆಚ್ಚು. ಕಿವಿಯ ಒಳಭಾಗ "ನಾವು ಅಲುಗಾಡ್ತಿದೀವಿ" ಅಂತ ಹೇಳುತ್ತೆ, ಪರದೆಯನ್ನೋ ಪುಸ್ತಕವನ್ನೋ ನೋಡ್ತಿರೋ ಕಣ್ಣು "ಇಲ್ಲ, ನಿಂತಿದೀವಿ" ಅನ್ನುತ್ತೆ. ಮಿದುಳಿಗೆ ಎರಡರಲ್ಲಿ ಯಾವುದು ನಂಬೋದು ಅಂತ ತಿಳಿಯಲ್ಲ, ಹೊಟ್ಟೆ ತೊಳಸೋಕೆ ಶುರುವಾಗುತ್ತೆ. ಹಾಗಾಗಿ ಮಗು ಸುಮ್ಮನಿರಲಿ ಅಂತ ಕೊಡೋ ಮೊಬೈಲೇ ಎಷ್ಟೋ ಸಲ ವಾಂತಿಗೆ ದಾರಿ. ಕಣ್ಣು ದೂರಕ್ಕೆ, ಹೊರಗೆ ಇರಬೇಕು. ನದಿ ಕಾಯೋದು, ಭತ್ತದ ಗದ್ದೆ ಎಣಿಸೋದು ಇಲ್ಲಿಯೂ ಕೆಲಸಕ್ಕೆ ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕೂತು ಪರದೆ ನೋಡೋದು ದಿನಕ್ಕೆ ಒಂದು ತಾಸು ಮೀರಬಾರದು, ಕಮ್ಮಿ ಆದಷ್ಟೂ ಒಳ್ಳೇದು ಅಂದಿದೆ. ನಾನು ಅದೇ ಪರದೆಯಿಂದ ಹೊಟ್ಟೆ ಹೊರೆಯೋನು, ಮೊಬೈಲ್ ಪಾಪ ಅಂತ ಹೇಳಲ್ಲ. ಆ ಒಂದು ತಾಸನ್ನ ನಾವು ಕೊನೆಗೆ, ಎಲ್ಲ ಆಟ ಮುಗಿದು ಎಲ್ಲರ ತಾಳ್ಮೆಯೂ ಮುಗಿದ ಹೊತ್ತಿಗೆ ಅಂತ ಎತ್ತಿಟ್ಟುಕೊಳ್ತೀವಿ, ಅದೂ ಗಾಡಿ ನಿಂತಾಗ.

ಹೊಟ್ಟೆ ಪೂರ್ತಿ ಖಾಲಿ ಇರಬಾರದು, ಪೂರ್ತಿ ತುಂಬಿಯೂ ಇರಬಾರದು. ಬೆಳಗಿನ ಜಾವ ಹೊರಡೋ ಮುಂಚೆ ಹಾಲು ಕುಡಿಸಲ್ಲ. ಒಂದು ಬಾಳೆಹಣ್ಣು ಅಥವಾ ಒಣ ಚಪಾತಿ ಸಾಕು. ಕೈಗೆ ಒಂದು ನಿಂಬೆಹಣ್ಣು ಕೊಡ್ತೀವಿ, ಮೂಸ್ತಾ ಇರ್ತಾರೆ. ಅದರಿಂದ ಎಷ್ಟು ಉಪಯೋಗ ಅನ್ನೋದು ಬೇರೆ ಮಾತು, ಕೈಗೆ ಕೆಲಸ ಅಂತೂ ಆಯ್ತು. ಕಿಟಕಿ ಆಗಾಗ ಇಳಿಸಿ ಗಾಳಿ ಬಿಡೋದು ಏಸಿಗಿಂತ ಮೇಲು. ಮಾತ್ರೆ ಬೇಕೇ ಬೇಕು ಅನ್ನೋರು ಮಕ್ಕಳ ಡಾಕ್ಟರನ್ನ ಕೇಳಿ ಕೊಡಿ, ಮೆಡಿಕಲ್ ಶಾಪಿನವರನ್ನ ಅಲ್ಲ.

ತಿನ್ನೋದರಲ್ಲೂ ನಮ್ಮ ದಾರಿಯಲ್ಲಿ ಒಂದು ಮಜಾ ಇದೆ. ಬೆಂಗಳೂರಲ್ಲಿ ಕಟ್ಟಿಸಿಕೊಂಡ ಕಡ್ಲೆಪುರಿ ಚಿತ್ರದುರ್ಗ ಜಿಲ್ಲೆ ಮುಟ್ಟಿದಾಗ ಮಂಡಕ್ಕಿ ಆಗುತ್ತೆ, ನಮ್ಮ ಕಡೆ ಹೋದಾಗ ಚುರಮುರಿ ಆಗುತ್ತೆ. ಡಬ್ಬಿಯಲ್ಲಿರೋದು ಅದೇ, ಹೆಸರು ಮಾತ್ರ ಊರೂರಿಗೆ ಬೇರೆ. ಮಾತೂ ಹಾಗೇ. ಬೆಂಗಳೂರಿನ "ಇದೆ" ಹಿರಿಯೂರು, ಚಳ್ಳಕೆರೆಯಲ್ಲಿ "ಐತೆ", ಸಿಂಧನೂರು ಕಡೆ "ಐತಿ", ಜೇವರ್ಗಿಯಲ್ಲಿ "ಅದ". ಚಹಾ ಕುಡಿಯೋಕೆ ನಿಂತ ಕಡೆಯೆಲ್ಲ ಮಗಳು ಅಂಗಡಿಯವರನ್ನ ಬೇಕಂತಲೇ ಕೇಳ್ತಾಳೆ, "ನೀರು ಇದೆಯಾ?" ಉತ್ತರದಲ್ಲಿ ಯಾವ ಪದ ಬಂತು ಅಂತ ಗುರುತು ಹಾಕ್ಕೊಳ್ತಾಳೆ. ಒಮ್ಮೆ ಅವಳು ಶಾಲೆಯಲ್ಲಿ "ಅದ" ಅಂದಾಗ ಪಕ್ಕದ ಹುಡುಗಿ ನಕ್ಕಳಂತೆ, ಅದು ತಪ್ಪು ಕನ್ನಡ ಅಂತ. ಅವತ್ತು ಮನೆಗೆ ಬಂದು "ಅಪ್ಪಾ, ಮುತ್ಯಾ ಮಾತಾಡೋದು ತಪ್ಪಾ?" ಅಂತ ಕೇಳಿದ್ದಳು. ನಾನು ಹೇಳಿದ ಉತ್ತರ ಅವಳಿಗೆ ಅಷ್ಟಾಗಿ ಹಿಡಿಸಿರಲಿಲ್ಲ. 600 ಕಿಲೋಮೀಟರ್ ಉದ್ದಕ್ಕೂ ಮಾತು ನಿಧಾನಕ್ಕೆ ಬಣ್ಣ ಬದಲಿಸೋದನ್ನ ಕಿವಿಯಾರೆ ಕೇಳಿದ ಮೇಲೆ ಆ ಪ್ರಶ್ನೆ ಮತ್ತೆ ಬಂದಿಲ್ಲ. ವಿಮಾನದಲ್ಲಿ ಹೋಗಿದ್ರೆ "ಇದೆ"ಯಿಂದ ನೇರ "ಅದ"ಕ್ಕೆ ಇಳೀತಿದ್ದಳು.

ಖುಷಿ ಅಂತ ಬರೀತಾ ಸುರಕ್ಷತೆ ಬಿಡೋಕಾಗಲ್ಲ. ಮಗನ ಸೀಟನ್ನ ಮೊದಲ ಸಲ ನೋಡಿದಾಗ ಅವ್ವ ಬಾಯಿ ಮೇಲೆ ಕೈ ಇಟ್ಟಳು: "ಎಮ್ಮಿ ಕಟ್ಟಿದಂಗ ಕಟ್ಟೀಯಲ್ಲೋ ಕೂಸಿಗಿ! ನನ್ನ ತೊಡಿ ಮ್ಯಾಲ ಕೊಡು." ತೊಡೆಯ ಮೇಲಿನ ಮಗು ಎಷ್ಟು ಚಂದ ಅನ್ನೋದು ನನಗೂ ಗೊತ್ತು. ಆದ್ರೆ 50 ಕಿ.ಮೀ. ವೇಗದಲ್ಲಿ ಗಾಡಿ ಗುದ್ದಿದ್ರೆ ಯಾವ ಆಯಿಯ ತೋಳೂ ಮಗುವನ್ನ ಹಿಡಿದಿಟ್ಟುಕೊಳ್ಳಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟೋ ಮಕ್ಕಳ ಸೀಟೋ ಕಡ್ಡಾಯ, ಇಲ್ಲದಿದ್ರೆ 1,000 ರೂಪಾಯಿ ದಂಡ. ಊರೊಳಗಿನ ರಸ್ತೆ ಅಂತ ಬಿಚ್ಚಲ್ಲ. ಬಿಚ್ಚಿದ್ರೆ ಮರುದಿನ ಮತ್ತೆ ಕಟ್ಟಿಸಿಕೊಳ್ಳೋಕೆ ಮಗು ಒಪ್ಪಲ್ಲ. ಅವ್ವನಿಗೆ ಕಾನೂನು ಹೇಳಿದ್ರೆ ಕೇಳ್ತಿರಲಿಲ್ಲ. "ಬಿಚ್ಚಿದ್ರ ಗಾಡಿ ಕುಂಯ್ ಅಂತ ಒದರ್ತದವ್ವ" ಅಂದೆ, ಅದಕ್ಕೆ ಒಪ್ಪಿದಳು.

ಇನ್ನೊಂದು, ಕತ್ತಲಾಗೋ ಮುಂಚೆ ಮುಟ್ಟಿಬಿಡಬೇಕು. ಡಿಸೆಂಬರ್, ಜನವರಿ ನಮ್ಮ ಕಡೆ ಕಬ್ಬು ಸಾಗಿಸೋ ಕಾಲ. ಆಳಂದ, ಅಫಜಲಪುರ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಹಿಂದೆ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಾಕ್ಕೊಂಡು ಹೋಗ್ತಿರ್ತವೆ. ಹಗಲಲ್ಲಿ ಮಕ್ಕಳಿಗೆ ಅದೇ ಜಾತ್ರೆ. ರಾತ್ರಿ ಹಿಂದೆ ಕೆಂಪು ದೀಪವೂ ಇರಲ್ಲ, ಮಿಂಚೋ ಪಟ್ಟಿಯೂ ಇರಲ್ಲ. ಬೆಳಗಿನ ನಾಲ್ಕೂವರೆಗೆ ಬೆಂಗಳೂರು ಬಿಟ್ಟರೆ ಮೊದಲ ಎರಡು ಮೂರು ತಾಸು ಮಕ್ಕಳು ನಿದ್ದೆಯಲ್ಲೇ ಕಳೀತಾರೆ, ಸಂಜೆ ಬೆಳಕಿನಲ್ಲೇ ಜೇವರ್ಗಿ. ಅಷ್ಟು ಒಮ್ಮೆಲೇ ಆಗಲ್ಲ ಅನ್ನೋರು ಬಳ್ಳಾರಿಯಲ್ಲೋ ಸಿಂಧನೂರಿನಲ್ಲೋ ಒಂದು ರಾತ್ರಿ ಉಳಿದುಬಿಡಿ. ಎರಡು ತಾಸಿಗೊಮ್ಮೆ ನಿಲ್ಲಬೇಕು ಅನ್ನೋದು ಹೆಂಡತಿಯ ನಿಯಮ. ಕ್ಲೀನಾಗಿರೋ ಪೆಟ್ರೋಲ್ ಬಂಕ್ ಕಂಡರೆ ಅರ್ಜೆಂಟ್ ಇಲ್ಲದಿದ್ರೂ ಎಲ್ಲರೂ ಇಳೀಬೇಕು ಅನ್ನೋದು ಅವಳ ಇನ್ನೊಂದು ನಿಯಮ. ಮುಂದಿನದು ಯಾವಾಗ ಸಿಗುತ್ತೆ ಅಂತ ಹೇಳೋಕೆ ಬರಲ್ಲ. ಮಗನಿಗಾಗಿ ಡಿಕ್ಕಿಯಲ್ಲಿ ಒಂದು ಸಣ್ಣ ಪಾಟಿ ಸೀಟು ಇದ್ದೇ ಇರುತ್ತೆ. ಇಡೀ ಪ್ರಯಾಣದಲ್ಲಿ ಅತೀ ಹೆಚ್ಚು ಮರ್ಯಾದೆ ಉಳಿಸಿದ ವಸ್ತು ಅಂದ್ರೆ ಅದೇ.

ಊರು ಮುಟ್ಟಿದ ಮೇಲೆ ಪ್ರಯಾಣ ಮುಗೀತು ಅಂತ ನಾವು ತಿಳ್ಕೊಳ್ತೀವಿ. ಮಕ್ಕಳಿಗೆ ಮುಗಿದಿರಲ್ಲ. ಮೂರು ತಾಲೂಕಿನ ಓಡಾಟದಲ್ಲಿ ಮಕ್ಕಳನ್ನ ದಣಿಸೋದು ರಸ್ತೆ ಅಲ್ಲ, ಮನೆಗಳು. ಪ್ರತಿ ಮನೆಯಲ್ಲಿ ಚಹಾ, ಚೂಡಾ, ಗಲ್ಲ ಹಿಂಡೋದು, "ನನ್ನ ಗುರ್ತ ಹಿಡದಿ ಏನ? ಹೇಳು ನಾ ಯಾರು?" ಅನ್ನೋ ಪರೀಕ್ಷೆ. ಈಗ ನಮ್ಮದು ದಿನಕ್ಕೆ ಒಂದೇ ಮನೆ. ಹೋದ ಕೂಡಲೇ ಮಕ್ಕಳನ್ನ ಅಂಗಳಕ್ಕೆ ಬಿಡೋದು, ಮಾತು ಆಮೇಲೆ. ಆಡಿನ ಮರಿ ಹಿಡಿಯೋಕೆ ಓಡಿದ ಮಗು ಅರ್ಧ ತಾಸಿನಲ್ಲಿ ತಾನೇ ಬಂದು ಮಾಮಿಯ ಮಡಿಲಲ್ಲಿ ಕೂತಿರುತ್ತೆ.

ಅಕ್ಕನ ಮನೆಯಲ್ಲಿ ಗೋಡೆಯ ಮೇಲೆ ಒಂದು ಗೆರೆ ಇದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ನಿಂತ ಮಟ್ಟ ಅದು. ಸುಣ್ಣ ಬಳಿದರೂ ಅಕ್ಕ ಅದೊಂದು ಗೆರೆ ಮುಚ್ಚಿಸಿಲ್ಲ. ಮಗ ಅದರ ಪಕ್ಕ ನಿಂತು ನೋಡಿದ, ಗೆರೆ ಅವನ ತಲೆಗಿಂತ ಮೇಲಿತ್ತು. ಮಗಳು ಸುಮ್ಮನೆ ನೋಡ್ತಾ ಇದ್ದಳು. "ಅತ್ತಿ, ಇದು ನಾವು ದಾಟಿ ಬಂದ ಭೀಮಾನೇನಾ?" "ಹೌದವ್ವ, ಅದೇ." ಅಷ್ಟು ಹೊತ್ತು ಬೆರಳಿನ ಲೆಕ್ಕದ ನಾಲ್ಕನೇ ನದಿಯಾಗಿದ್ದ ಭೀಮಾ ಅವತ್ತು ಅತ್ತಿಯ ಮನೆಗೆ ಬಂದು ಹೋದ ನದಿಯಾಯ್ತು. ರಾತ್ರಿ ಮಗಳು ಕೇಳಿದಳು, ಮುತ್ಯಾನ ಮನೆಗೂ ಅಮರ್ಜಾ ಬರುತ್ತಾ ಅಂತ. ಅಪ್ಪ ಹೊಲದಲ್ಲಿ ಅವಳನ್ನ ಪಕ್ಕಕ್ಕೆ ಕೂರಿಸಿಕೊಂಡು ಕಡ್ಡಿಯಿಂದ ಕರಿಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದರು. ಅಮರ್ಜಾ ಭೀಮೆಗೆ ಸೇರುತ್ತೆ, ಭೀಮಾ ಕೃಷ್ಣೆಗೆ. ವೇದಾವತಿ ತುಂಗಭದ್ರೆಗೆ, ತುಂಗಭದ್ರಾ ಮತ್ತೆ ಕೃಷ್ಣೆಗೆ. ಅವಳು ದಾಟಿ ಬಂದ ಅಷ್ಟೂ ನೀರು ಒಂದೇ ಕಡೆ ಹೋಗುತ್ತೆ. ಮಗ ಆ ಗೆರೆಗಳ ಮೇಲೆ ನಿಜವಾಗಲೂ ನೀರು ಸುರಿದು ಪರೀಕ್ಷೆ ಮಾಡಿದ. ಮಣ್ಣು ಎಲ್ಲ ಕುಡೀತು.

ಎಳ್ಳ ಅಮಾವಾಸ್ಯೆ ದಿನ ಹೊಲಕ್ಕೆ ಹೋಗಿದ್ದು ಟ್ರ್ಯಾಕ್ಟರಿನಲ್ಲಿ, ಬಂಡಿ ಈಗ ಇಲ್ಲ. ಚರಗ ಚೆಲ್ಲಿ ಬಂದ ಮೇಲೆ ಬನ್ನಿಗಿಡದ ನೆರಳಲ್ಲಿ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಊಟ. ಭಜ್ಜಿ ಅಂದ್ರೆ ಬೆಂಗಳೂರಿನ ಬಜ್ಜಿ ಅಲ್ಲ, ಕಾಳು, ಕಾಯಿಪಲ್ಯ, ಸೊಪ್ಪು ಎಲ್ಲ ಕೂಡಿಸಿ ಕುದಿಸಿದ್ದು. ಮನೆಯಲ್ಲಿ ಬೀನ್ಸ್ ಬೇಡ ಅನ್ನೋ ಮಗಳು ಅದನ್ನ ಎರಡು ಸಲ ಹಾಕಿಸಿಕೊಂಡಳು. ಅಂಬಲಿ ಗಡಿಗೆ ಹಿಡ್ಕೊಂಡು ಬಂದಿದ್ದು ಅವಳೇ. ಒಂದು ಹನಿಯೂ ಚೆಲ್ಲಿರಲಿಲ್ಲ ಅಂತ ಆಯಿ ಸರ್ಟಿಫಿಕೇಟ್ ಕೊಟ್ಟಳು.

ನಮ್ಮ ಮಕ್ಕಳು ಮುಂದೆ ದೊಡ್ಡವರಾಗಿ ಎಲ್ಲಿ ಇರ್ತಾರೋ, ಊರಿಗೆ ಬರ್ತಾರೋ ಇಲ್ವೋ, ನನ್ನ ಕೈಯಲ್ಲಿಲ್ಲ. ಹೊಲ ಯಾರು ನೋಡ್ತಾರೆ ಅನ್ನೋ ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇಲ್ಲ. ಅಪ್ಪ ಕಟ್ಟೆ ಮೇಲೆ ಕೂತು ಫೋನ್ ಹಿಡಿದು ಇನ್ನೆಷ್ಟು ಅಮಾವಾಸ್ಯೆ ಕಾಯ್ತಾರೋ ಅದೂ ಗೊತ್ತಿಲ್ಲ. ಅವರು ಕಾಯ್ತಿರೋವಾಗ ಈ ಕಡೆಯಿಂದ "ದೂರ" ಅನ್ನೋ ಮಾತು ಹೋಗಬಾರದು, ಅಷ್ಟು ನಾನು ಮಾಡಬಹುದು. ಬೀಳ್ಕೊಡುವಾಗ ಅವರು ಮಗಳಿಗೆ ಹೇಳಿದ್ದು ಒಂದೇ ಮಾತು: "ಹೋಗುವಾಗ ಸುದ್ದ ಹೇಳ್ಬೇಕವ್ವ ಮತ್ತ. ಕೃಷ್ಣಾದಾಗ ನೀರ ಎಷ್ಟ ಉಳದದ ನೋಡು."

ನಿಮ್ಮ ಊರಿನ ದಾರಿಯಲ್ಲಿ ಐದು ನದಿ ಇಲ್ಲದೇ ಇರಬಹುದು. ಘಾಟಿಯ ತಿರುವು ಇರಬಹುದು, ರೈಲ್ವೆ ಗೇಟು ಇರಬಹುದು, ಕೆರೆ ಏರಿ ಇರಬಹುದು. ಮಕ್ಕಳಿಗೆ ಎಣಿಸೋಕೆ ಏನೋ ಒಂದು ಸಿಕ್ಕೇ ಸಿಗುತ್ತೆ. ಮುಖ್ಯ ಅಂದ್ರೆ ಆ ಕಡೆ ಎಣಿಕೆ ಕೇಳಿಸಿಕೊಳ್ಳೋಕೆ ಒಬ್ಬರು ಇರಬೇಕು. ಇದ್ದಾರೆ ಅಂದ್ರೆ ಹೊರಡೋ ಹಿಂದಿನ ರಾತ್ರಿಯೇ ಅವರಿಗೆ ಒಂದು ಫೋನ್ ಮಾಡಿಬಿಡಿ, ಕೆಲಸ ಏನು ಅಂತ ತಿಳಿಸಿಬಿಡಿ. ಚುರಮುರಿ ಡಬ್ಬಿ ಮಾತ್ರ ಸ್ವಲ್ಪ ದೊಡ್ಡದೇ ಇರಲಿ, ನಮ್ಮದು ಪ್ರತಿ ಸಲ ಸಿಂಧನೂರಿಗೇ ಖಾಲಿ ಆಗುತ್ತೆ.